ಹುಣ್ಣಿಮೆ ಸಂಜೆ ಕಡಲತೀರದ ಮದುವೆ: ನಾವು ದುಡ್ಡು ಕೊಟ್ಟ ಪ್ಲಾನಿಂಗ್ ಸೇವೆ ಹೇಗಿತ್ತು?

ತಂಗಿಯ ಮದುವೆ ಮುಗಿದು ನಾಲ್ಕು ತಿಂಗಳಾಯಿತು. ಈಗಲೂ ನನ್ನ ಕೈಚೀಲ ಕೊಡವಿದರೆ ಮರಳು ಬೀಳುತ್ತದೆ. ಮನೆಯಿಂದ ದೂರ, ಬೆಚ್ಚಗಿನ ಕಡಲತೀರದಲ್ಲಿ ಮದುವೆಯಾಗಬೇಕು ಅನ್ನೋದು ಅವಳ ಆಸೆ. ಅದನ್ನು ನಡೆಸಿಕೊಡೋದು ಅಕ್ಕನಾದ ನನ್ನ ತಲೆಗೆ ಬಂತು. ಕೋಣೆ, ವೇದಿಕೆ, ಊಟ, ಅಲಂಕಾರ, ಓಡಾಟ ಎಲ್ಲ ಸೇರಿಸಿ ಪ್ಯಾಕೇಜ್ ಮಾಡಿಕೊಡುವ ಒಂದು ಸಂಸ್ಥೆಯನ್ನು ಹಿಡಿದೆವು. ಹೆಸರು ಹಾಕುವುದಿಲ್ಲ. ಅವರ ಮೇಲೆ ಸಿಟ್ಟಿಲ್ಲ ಅಂತಲ್ಲ, ಸ್ವಲ್ಪ ಇದೆ. ಆದರೆ ಹೇಳಬೇಕಾದ್ದು ಹೆಸರಿಲ್ಲದೆಯೂ ಹೇಳಬಹುದು.

ಸಂಸ್ಥೆ ಒಂದೇ, ಆದರೆ ನಮಗೆ ಸಿಕ್ಕಿದ್ದು ಎರಡು ಬೇರೆ ಬೇರೆ ಸೇವೆ. ಮುಂಗಡ ಕಟ್ಟುವ ತನಕ ಮಾತಾಡುವವರು ಒಬ್ಬರು, ಕಟ್ಟಿದ ಮೇಲೆ ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವವರು ಇನ್ನೊಬ್ಬರು. ಮೊದಲನೆಯವರು ನಮಗೆ ಫೋಟೊ ಮಾರಿದರು. ಎರಡನೆಯವರು ಮದುವೆ ಮಾಡಿಸಿದರು. ಮೊದಲನೆಯವರಿಗೆ ನಾನು ಹತ್ತಕ್ಕೆ ಮೂರು ಕೊಡುತ್ತೇನೆ, ಎರಡನೆಯವರಿಗೆ ಒಂಬತ್ತು.

ಫೋಟೊ ವಿಷಯಕ್ಕೆ ಬರೋಣ. ಅವರು ಕಳಿಸಿದ ಫೈಲಿನ ಮೊದಲ ಪುಟದಲ್ಲೇ ಅದು ಇತ್ತು: ಅಲೆ ಮುಟ್ಟುವಷ್ಟು ಹತ್ತಿರ ಹೂವಿನ ಕಮಾನು, ಬಿಳಿ ಪರದೆ ಮೆಲ್ಲಗೆ ಹಾರುತ್ತಿದೆ, ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ತಂಗಿ ಅದನ್ನು ನೋಡಿದ್ದೇ ತಡ, ಬೇರೆ ಯಾವ ಜಾಗವೂ ಅವಳಿಗೆ ಬೇಡವಾಯಿತು. ನಾವು ಹೋಗಿ ಜಾಗ ನೋಡಿಯೂ ಬಂದೆವು. ಸಂಜೆ ಆರು ಗಂಟೆ. ಮರಳು ಅಗಲವಾಗಿ ಹರಡಿತ್ತು, ಹುಲ್ಲುಹಾಸಿನ ಅಂಚಿನಿಂದ ನೀರಿನ ತನಕ ನಾನೇ ಹೆಜ್ಜೆ ಎಣಿಸಿದೆ, ಅರವತ್ತು ದಾಟಿತು. ನೂರಿಪ್ಪತ್ತು ಕುರ್ಚಿ ಹಾಕಿದರೂ ಜಾಗ ಉಳಿಯುತ್ತದೆ ಅಂತ ಬುಕಿಂಗ್‌ನವರು ಹೇಳಿದರು, ನನಗೂ ಹಾಗೇ ಅನಿಸಿತು. ತಂಗಿಯ ಗಂಡನಾಗುವವನು ಹುಣ್ಣಿಮೆ ದಿನವೇ ಇಟ್ಟುಕೊಂಡರೆ ಚೆನ್ನ, ಸಮುದ್ರದ ಮೇಲೆ ಚಂದ್ರ ಇರುತ್ತಾನೆ ಅಂದ. ವಾಹ್, ಸೂಪರ್ ಐಡಿಯಾ ಸರ್ ಅಂದರು ಅವರು. ಬರೆದುಕೊಂಡರು. ಮುಂಗಡ ತೆಗೆದುಕೊಂಡರು.

ಆ ಮಾತಿನಲ್ಲಿ ಎರಡು ತಪ್ಪಿತ್ತು. ಎರಡೂ ಅವರಿಗೆ ಗೊತ್ತಿರಬೇಕಾದ ತಪ್ಪು.

ಅದನ್ನು ಹಿಡಿದಿದ್ದು ಸ್ಥಳದ ಕೋಆರ್ಡಿನೇಟರ್. ಮದುವೆಗೆ ಏಳು ವಾರ ಇರುವಾಗ ನಮ್ಮ ಕೆಲಸ ಅವರ ಕೈಗೆ ಹೋಯಿತು. ಮೊದಲ ಫೋನಿನಲ್ಲೇ ಕೇಳಿದರು, "ಮೇಡಂ, ನೀವು ಜಾಗ ನೋಡೋಕೆ ಬಂದಿದ್ದು ಯಾವ ತಾರೀಖು?" ಹೇಳಿದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ, "ಅವತ್ತು ಅಷ್ಟಮಿ ಮೇಡಂ. ಮದುವೆ ಹುಣ್ಣಿಮೆಗೆ ಇದೆ. ನೀವು ನೋಡಿದ ಮರಳು ಅವತ್ತು ಸಂಜೆ ಇರೋದಿಲ್ಲ" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು, ನಾನು ಇಲ್ಲಿ ಹಾಗೇ ಹೇಳುತ್ತೇನೆ, ಯಾಕೆಂದರೆ ಕಡಲತೀರದಲ್ಲಿ ಮದುವೆ ಇಡುವ ಯಾರಿಗಾದರೂ ಮೊದಲು ಬೇಕಾದ್ದು ಇದೇ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಪ್ರತಿದಿನ ಅದು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಲೆಕ್ಕ ಹಾಕಿ, ಹತ್ತಿರಹತ್ತಿರ ಆರು ಗಂಟೆ. ಅಷ್ಟಮಿ ಸಂಜೆ ಆರಕ್ಕೆ ಇಳಿತ ಇರುವ ತೀರದಲ್ಲಿ ಹುಣ್ಣಿಮೆ ಸಂಜೆ ಆರಕ್ಕೆ ಉಬ್ಬರ. ಸಾಲದ್ದಕ್ಕೆ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಉಬ್ಬರವೂ ದೊಡ್ಡದು. ನಾನು ಎಣಿಸಿದ ಅರವತ್ತು ಹೆಜ್ಜೆಯಲ್ಲಿ ಅವತ್ತು ಹತ್ತು ಉಳಿದರೆ ಹೆಚ್ಚು. ಕೆಲವು ಸಮುದ್ರಗಳಲ್ಲಿ ಉಬ್ಬರವಿಳಿತ ತುಂಬಾ ಕಡಿಮೆ, ಮೆಡಿಟರೇನಿಯನ್ ಹಾಗೆ. ಅಲ್ಲಿ ಈ ತಲೆನೋವು ಅಷ್ಟಿಲ್ಲ. ನಮ್ಮ ಜಾಗದಲ್ಲಿ ಇತ್ತು. ಉಬ್ಬರದ ಪಟ್ಟಿ ಮೊದಲೇ ಲೆಕ್ಕ ಹಾಕಿ ಪ್ರಕಟಿಸಿರುತ್ತಾರೆ, ನೋಡೋದಕ್ಕೆ ಎರಡು ನಿಮಿಷ ಸಾಕು. ತೀರದಲ್ಲಿ ಮದುವೆ ಮಾಡಿಸೋದೇ ಕಸುಬಾಗಿರುವವರು ಆ ಎರಡು ನಿಮಿಷ ಕೊಡಲಿಲ್ಲ ಅನ್ನೋದೇ ನನ್ನ ದೊಡ್ಡ ದೂರು.

ಎರಡನೇ ತಪ್ಪು ಇನ್ನೂ ತಮಾಷೆ. ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ, ಸೂರ್ಯನ ಎದುರು ದಿಕ್ಕಿನಲ್ಲಿ. ನಮ್ಮ ತೀರ ಪಶ್ಚಿಮಕ್ಕೆ ಮುಖ ಮಾಡಿತ್ತು. ಸೂರ್ಯ ಸಮುದ್ರಕ್ಕೆ ಇಳಿದರೆ ಚಂದ್ರ ಎಲ್ಲಿಂದ ಬರಬೇಕು? ನಮ್ಮ ಬೆನ್ನ ಹಿಂದಿಂದ. ಕಾರ್ ಪಾರ್ಕಿಂಗ್ ಮೇಲಿಂದ. ನೀರಿನ ಮೇಲೆ ಸೂರ್ಯಾಸ್ತವೂ ಬೇಕು, ನೀರಿನಿಂದ ಏಳುವ ಹುಣ್ಣಿಮೆ ಚಂದ್ರನೂ ಬೇಕು ಅಂದರೆ ಎರಡೂ ಕಡೆ ನೀರಿರುವ ಜಾಗ ಹುಡುಕಬೇಕು. ಶಾಲೆಯಲ್ಲಿ ಓದಿದ ವಿಷಯ ಇದು, ನಮಗೂ ಹೊಳೆಯಲಿಲ್ಲ ಬಿಡಿ.

ತಾರೀಖು ಬದಲಿಸಲು ಆಗುತ್ತಿರಲಿಲ್ಲ, ಜನ ಟಿಕೆಟ್ ಮಾಡಿಸಿ ಆಗಿತ್ತು. ಕೋಆರ್ಡಿನೇಟರ್ ವೇದಿಕೆಯನ್ನು ಮರಳಿನಿಂದ ಎತ್ತಿ ಹುಲ್ಲುಹಾಸಿನ ಅಂಚಿಗೆ ತಂದರು, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ. ತಂಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆದರೆ ಅವತ್ತು ಆಗಿದ್ದೇನು ಅಂದರೆ ನಾವು ಸಮುದ್ರದ ಹತ್ತಿರ ಹೋಗದಿದ್ದರೂ ಸಮುದ್ರವೇ ಹತ್ತಿರ ಬಂತು. ಕಮಾನಿನ ಹಿಂದೆ ಬರೀ ನೀರು. ಬ್ರೋಷರ್ ಫೋಟೊಗಿಂತ ಚೆನ್ನಾಗಿ ಬಂದಿದೆ. ಮರಳಿನ ಮೇಲೆ ಕೈ ಹಿಡಿದು ನಡೆಯುವ ಫೋಟೊಗಳನ್ನು ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ತೆಗೆದರು, ನೀರು ಇಳಿಯತೊಡಗಿದ ಮೇಲೆ.

ಗಾಳಿಯ ಬಗ್ಗೆಯೂ ಅವರಿಗೆ ಸ್ಪಷ್ಟ ಲೆಕ್ಕ ಇತ್ತು. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಂತೆ ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ನಂತರ ಅದು ಜೋರು, ಸೂರ್ಯ ಇಳಿದಂತೆ ಇಳಿಯುತ್ತದೆ. ಬುಕಿಂಗ್‌ನವರು ಹಾಕಿಕೊಟ್ಟ ವೇಳಾಪಟ್ಟಿಯಲ್ಲಿ ಕಾರ್ಯಕ್ರಮ ಸಂಜೆ ನಾಲ್ಕಕ್ಕೆ ಶುರು. ಬಿಸಿಲೂ ಸರಿಯಾಗಿ ಮುಖಕ್ಕೆ, ಗಾಳಿಯೂ ಸರಿಯಾಗಿ ಮುಖಕ್ಕೆ. ಗಂಟೆಗೆ 20ರಿಂದ 28 ಕಿಲೋಮೀಟರ್ ಗಾಳಿ ಅಂದರೆ ಕೇಳೋಕೆ ಏನೂ ಅಲ್ಲ, ಆದರೆ ಗಾಳಿಯ ಜೋರು ಅಳೆಯುವ ಬೋಫರ್ಟ್ ಮಾಪನದಲ್ಲಿ ಅದು ನಾಲ್ಕನೇ ಮೆಟ್ಟಿಲು, ಧೂಳು ಮತ್ತು ಬಿಡಿ ಕಾಗದ ಎಬ್ಬಿಸುವಷ್ಟು. ಪರದೆ ಕಟ್ಟಿದ ಕಮಾನು ಆ ಗಾಳಿಗೆ ಹಡಗಿನ ಹಾಯಿ ಇದ್ದಂತೆ. ನಮ್ಮ ಕಣ್ಣೆದುರೇ, ಹಿಂದಿನ ದಿನ ಪ್ರಯೋಗಕ್ಕೆ ನಿಲ್ಲಿಸಿದ ಕಮಾನು ಒಂದು ಕಡೆ ವಾಲಿತು. ಮಾರನೇ ದಿನ ಕಾಲುಗಳಿಗೆ ಮರಳು ತುಂಬಿದ ಚೀಲ ಕಟ್ಟಿ, ಪರದೆಯನ್ನು ಅರ್ಧಕ್ಕೆ ಇಳಿಸಿ, ಕೆಳ ಅಂಚಿಗೆ ಸರಪಳಿ ಹೊಲಿದು ನಿಲ್ಲಿಸಿದರು. ಕಾರ್ಯಕ್ರಮ ಐದು ಗಂಟೆಗೆ ಹೋಯಿತು, ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮೊದಲು ಮುಗಿಯುವ ಹಾಗೆ. ಅದಕ್ಕೂ ಕಾರಣ ಇದೆ. ಭೂಮಧ್ಯರೇಖೆಗೆ ಹತ್ತಿರ ಹೋದಷ್ಟೂ ಸೂರ್ಯ ನೇರವಾಗಿ ಇಳಿಯುತ್ತಾನೆ, ಮುಳುಗಿದ ಮೇಲೆ ಫೋಟೊಗೆ ಆಗುವ ಬೆಳಕು ಸಿಗೋದು ಇಪ್ಪತ್ತು, ಇಪ್ಪತ್ತೈದು ನಿಮಿಷ ಅಷ್ಟೇ. ತಂಪು ದೇಶಗಳ ಉದ್ದನೆಯ ಮುಸ್ಸಂಜೆಯ ಫೋಟೊ ನೋಡಿ ವೇಳೆ ಹಾಕಿಕೊಂಡರೆ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ.

ಮೈಕ್ ವಿಷಯದಲ್ಲಿ ಮಾತ್ರ ಸೋತರು. ಸ್ಪೀಕರ್‌ಗಳನ್ನು ಎರಡು ದೊಡ್ಡದರ ಬದಲು ಆರು ಚಿಕ್ಕದಾಗಿ ಜನರ ಪಕ್ಕಪಕ್ಕ ಇಟ್ಟಿದ್ದು ಸರಿ, ಅಲೆಯ ಸದ್ದಿಗೆ ಅದೇ ಬೇಕು. ಆದರೆ ಅಂಗಿಗೆ ಸಿಕ್ಕಿಸುವ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಟೋಪಿ ತಂದಿರಲಿಲ್ಲ. ವಿಡಿಯೊದಲ್ಲಿ ತಂಗಿ ಹೇಳಿದ ಮಾತಿನ ಅರ್ಧ ಭಾಗ ಬರೀ ಭುಸ್ ಭುಸ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು ಅದು! ಹತ್ತರಲ್ಲಿ ಅರ್ಧ ಅಂಕ ಇಲ್ಲೇ ಕಳೆದಿದ್ದೇನೆ.

ಸೆಖೆ ಬಗ್ಗೆ ಹೇಳದೆ ಇರೋಕೆ ಆಗಲ್ಲ. 32 ಡಿಗ್ರಿ ಅಂತ ಫೋನಿನಲ್ಲಿ ನೋಡಿ, ಓ ಅಷ್ಟೇನಾ ಅಂದುಕೊಂಡಿದ್ದೆವು. ಗಾಳಿಯಲ್ಲಿ ತೇವ 70 ಪರ್ಸೆಂಟ್ ಇದ್ದರೆ ಮೈಗೆ ಅದು ಸುಮಾರು 41 ಡಿಗ್ರಿಯ ಹಾಗೆ ತಾಗುತ್ತದೆ, ಬೆವರು ಬರುತ್ತದೆ, ಆದರೆ ಆರುವುದಿಲ್ಲ, ಆರದೆ ಮೈ ತಣಿಯುವುದಿಲ್ಲ. ಬುಕಿಂಗ್‌ನವರ ಸಲಹಾ ಪಟ್ಟಿಯಲ್ಲಿ ಗಂಡಸರಿಗೆ ಗಾಢ ಬಣ್ಣದ ಕೋಟು ಅಂತ ಬರೆದಿತ್ತು. ನಾನು ಅದನ್ನು ಹೊಡೆದುಹಾಕಿ ಹತ್ತಿ ಅಥವಾ ಲಿನನ್, ತಿಳಿ ಬಣ್ಣ, ಚಪ್ಪಲಿ ಬಿಚ್ಚಲು ಸುಲಭ ಇರಲಿ ಅಂತ ಎಲ್ಲರಿಗೂ ಕಳಿಸಿದೆ. ರೇಷ್ಮೆ ಉಟ್ಟವರೆಲ್ಲ ಬೆವರಿನ ಕಲೆ ಮುಚ್ಚಿಕೊಳ್ಳೋದರಲ್ಲೇ ಇದ್ದರು. ಹೈ ಹೀಲ್ಸ್ ಹಾಕಿಕೊಂಡು ಬಂದ ಮೂವರು ಗೆಳತಿಯರು ಹುಲ್ಲಿಗೆ ಮೊಳೆ ಹೊಡೆದ ಹಾಗೆ ನಿಂತಿದ್ದರು, ಪಾಪ. ಕೋಆರ್ಡಿನೇಟರ್ ಬಾಗಿಲಲ್ಲೇ ಬುಟ್ಟಿ ತುಂಬ ಸಾದಾ ಚಪ್ಪಲಿ, ಕೈಬೀಸಣಿಗೆ, ಸನ್‌ಸ್ಕ್ರೀನ್ ಇಟ್ಟಿದ್ದರು, ನಾವು ಕೇಳದೆಯೇ. ಮರಳಿನಿಂದಲೂ ಬಿಸಿಲು ಪ್ರತಿಫಲಿಸುತ್ತದೆ, ಕೊಡೆ ಹಿಡಿದರೂ ಮುಖ ಸುಡುತ್ತದೆ ಅಂತ ಅವರು ಹೇಳಿದಾಗ ನಾನು ನಕ್ಕಿದ್ದೆ. ಮಾರನೇ ದಿನ ನನ್ನ ಮೂಗು ಸಿಪ್ಪೆ ಸುಲಿಯಿತು.

ಅಜ್ಜಿಗೆ ಗಾಲಿಕುರ್ಚಿ ಬೇಕಿತ್ತು. ಮರಳಲ್ಲಿ ಸಾಮಾನ್ಯ ಗಾಲಿಕುರ್ಚಿ ಹೂತುಹೋಗುತ್ತದೆ, ನಾಲ್ಕು ಜನ ಎತ್ತಬೇಕು. ಇವರು ಕೋಣೆಯಿಂದ ವೇದಿಕೆ ತನಕ ಹಲಗೆ ಹಾಸಿದ್ದರು. ನೆರಳು, ಫ್ಯಾನ್, ನೀರಿನ ಬಾಟಲಿ ಇರುವ ಮೊದಲ ಸಾಲು ಹಿರಿಯರಿಗೆ. ಅಜ್ಜಿ ಇಡೀ ಮದುವೆಯಲ್ಲಿ ಹೊಗಳಿದ್ದು ಆ ಕೋಆರ್ಡಿನೇಟರ್ ಹುಡುಗಿಯನ್ನು ಮಾತ್ರ.

ಊಟ ಬಡಿಸುವ ಜಾಗವನ್ನು ಹೊರಗೇ ಇಡಬೇಕು ಅನ್ನೋದು ಪ್ಯಾಕೇಜ್‌ನಲ್ಲಿ ಇತ್ತು, ಇವರು ಒಳಗೆ ಇಟ್ಟರು. ಮಾಡಿದ ಅಡುಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು ಅಥವಾ 5 ಡಿಗ್ರಿಗಿಂತ ತಣ್ಣಗಿರಬೇಕು, ನಡುವಿನಲ್ಲಿ ಬಿಟ್ಟರೆ ಕೆಡಲು ಶುರು. ಹೊರಗೆ 32 ಡಿಗ್ರಿ ದಾಟಿದರೆ ಒಂದು ಗಂಟೆಗಿಂತ ಹೆಚ್ಚು ಇಡಬಾರದು. ಮದುವೆಯಲ್ಲಿ ಯಾರು ಒಂದು ಗಂಟೆಯಲ್ಲಿ ಊಟ ಮುಗಿಸುತ್ತಾರೆ ಹೇಳಿ? ಕ್ರೀಮ್ ಇರುವ ಸಿಹಿಯನ್ನು ಕತ್ತರಿಸುವ ಹತ್ತು ನಿಮಿಷ ಮೊದಲು ಹೊರಗೆ ತಂದರು, ಫೋಟೊ ಆಯಿತು, ವಾಪಸ್ ಒಳಗೆ ಹೋಯಿತು. ಐಸ್ ಮಾತ್ರ ಎಂಟು ಗಂಟೆಗೇ ಖಾಲಿ.

ಈಗ ಒಪ್ಪಂದದ ಕಾಗದ. ಇಲ್ಲಿ ನಮ್ಮ ತಪ್ಪೂ ಇದೆ, ಸಣ್ಣ ಅಕ್ಷರ ಓದಲಿಲ್ಲ. 40 ಕೋಣೆ ತಡೆದಿಟ್ಟಿದ್ದೆವು. ಅದರಲ್ಲಿ 80 ಪರ್ಸೆಂಟ್ ತುಂಬಲೇಬೇಕು, ಇಲ್ಲದಿದ್ದರೆ ಖಾಲಿ ಉಳಿದದ್ದಕ್ಕೆ ನಾವೇ ಕೊಡಬೇಕು ಅಂತ ಇತ್ತು. ಅಂದರೆ 32. ತುಂಬಿದ್ದು 31. ಒಂದು ಖಾಲಿ ಕೋಣೆಗೆ ಎರಡು ರಾತ್ರಿಯ ದುಡ್ಡು ಕಟ್ಟಿದೆವು. ಸಿಟ್ಟು ಬಂದು ಕೀ ಇಸಿದುಕೊಂಡು, ಎಸಿ ಹಾಕಿ, ಹೂವನ್ನೆಲ್ಲ ಅದರೊಳಗೆ ಇಡಿಸಿದೆ. ಅದು ಆ ಮದುವೆಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಆಯಿತು. ಬಿಸಿಗಾಳಿಗೆ ಹೈಡ್ರೇಂಜಿಯ ತರಹದ ನೀರು ಕುಡಿಯುವ ಹೂವು ಅರ್ಧ ಗಂಟೆಗೆ ತಲೆ ಬಗ್ಗಿಸುತ್ತದೆ, ಆರ್ಕಿಡ್, ಆಂಥೂರಿಯಂ ತಡೆಯುತ್ತವೆ. ಬುಕಿಂಗ್‌ನವರು ಕೊಟ್ಟ ಅಲಂಕಾರದ ಚಿತ್ರದಲ್ಲಿ ಬರೀ ಮೊದಲನೆಯದ್ದೇ ಇತ್ತು. ಆ ಕೋಣೆ ಇಲ್ಲದಿದ್ದರೆ ಕಮಾನು ಬೋಳು. ಅಂದ ಹಾಗೆ ಕ್ಯಾಮೆರಾ ಮಾತ್ರ ಎಸಿ ಕೋಣೆಯಲ್ಲಿ ಇಡಬೇಡಿ. ತಣ್ಣಗಿನ ಲೆನ್ಸ್ ತೇವದ ಗಾಳಿಗೆ ಬಂದ ಕೂಡಲೇ ಮಂಜು ಹಿಡಿಯುತ್ತದೆ. ನಮ್ಮ ಫೋಟೊಗ್ರಾಫರ್ ಅರ್ಧ ಗಂಟೆ ಮೊದಲೇ ಚೀಲವನ್ನು ಹೊರಗೆ ತಂದು ಮುಚ್ಚಿಯೇ ಇಟ್ಟಿದ್ದ, ಅನುಭವಸ್ಥ. ಅವನು ಹೊರಗಿನವನು ಅಂತ ಸಂಸ್ಥೆಯವರು ಬೇರೆ ಶುಲ್ಕ ಹಾಕಿದರು, ಅದೂ ಸಣ್ಣ ಅಕ್ಷರದಲ್ಲೇ ಇತ್ತು.

ಮಳೆ ಬಂದರೆ ಏನು ಅಂತ ನಾವು ಮೂರು ಸಲ ಕೇಳಿದ್ದೆವು. ಮೂರು ಸಲವೂ "ಒಳಗೆ ಹಾಲ್ ಇದೆ, ಚಿಂತೆ ಬೇಡ" ಅಂದರು. ಹಾಲ್ ಇತ್ತು, ನಿಜ. ನಮ್ಮ ಹೆಸರಿಗೆ ಇರಲಿಲ್ಲ. ಅವತ್ತೇ ಬೇರೊಂದು ಕಂಪನಿಯ ಸಭೆಗೆ ಕೊಟ್ಟಿದ್ದರು! ಕೋಆರ್ಡಿನೇಟರ್ ಅದನ್ನು ಕಂಡುಹಿಡಿದು, ಜಗಳ ಆಡಿ, ಸಂಜೆ ನಾಲ್ಕರ ನಂತರ ನಮಗೆ ಬರೆಸಿಕೊಟ್ಟರು. ಮಳೆ ಬರಲಿಲ್ಲ. ಬಂದಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು.

ಸೀಸನ್ ಅಲ್ಲದ ತಿಂಗಳಿಗೆ ದೊಡ್ಡ ರಿಯಾಯಿತಿ ಕೊಡುತ್ತೇವೆ ಅಂತ ಮೊದಲು ನಮ್ಮನ್ನು ಎಳೆದಿದ್ದರು. ಬೆಚ್ಚಗಿನ ಸಮುದ್ರ ಇರುವಲ್ಲಿ ಅಗ್ಗದ ತಿಂಗಳು ಅಂದರೆ ಎಷ್ಟೋ ಸಲ ಬಿರುಗಾಳಿಯ ತಿಂಗಳು. ಉತ್ತರ ಅಟ್ಲಾಂಟಿಕ್ ಕಡೆ ಜೂನ್ 1ರಿಂದ ನವೆಂಬರ್ 30 ಅಂತ ಲೆಕ್ಕ, ದಕ್ಷಿಣ ಗೋಳದಲ್ಲಿ ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್. ವಿಮೆ ಮಾಡಿಸುವುದಾದರೆ ಮೊದಲೇ ಮಾಡಿಸಿ, ಚಂಡಮಾರುತಕ್ಕೆ ಹೆಸರಿಟ್ಟು ಸುದ್ದಿಯಾದ ಮೇಲೆ ಕೊಂಡ ಪಾಲಿಸಿ ಸಾಮಾನ್ಯವಾಗಿ ಆ ಚಂಡಮಾರುತಕ್ಕೆ ಅನ್ವಯಿಸುವುದಿಲ್ಲ. ತಂಗಿಯ ಗಂಡ ಈ ವಿಷಯದಲ್ಲಿ ಹಟ ಹಿಡಿದು ಒಳ್ಳೆಯ ತಿಂಗಳಿಗೇ ತಾರೀಖು ಹಾಕಿಸಿದ. ಹುಣ್ಣಿಮೆಯ ಐಡಿಯಾ ಅವನದೇ ಆದರೂ ಇದಕ್ಕೆ ಅವನನ್ನು ಮೆಚ್ಚಬೇಕು.

ಪ್ಯಾಕೇಜ್‌ನಲ್ಲಿ "ಕಾನೂನು ಕಾಗದಪತ್ರ ನೆರವು" ಅಂತ ಒಂದು ಸಾಲು ಇತ್ತು, ಅದಕ್ಕೆ ಬೇರೆ ದುಡ್ಡು. ಬಂದದ್ದು ಒಂದು ಪುಟದ ಪಟ್ಟಿ. ಅದನ್ನು ನಂಬಿದ್ದರೆ ಮುಗಿಯುತ್ತಿತ್ತು. ಬೇರೆ ದೇಶದಲ್ಲಿ ಮದುವೆ ನೋಂದಣಿ ಮಾಡಿಸಬೇಕಾದರೆ ಕೆಲವು ಕಡೆ ಅಲ್ಲಿ ಇಷ್ಟು ದಿನ ವಾಸ ಇರಲೇಬೇಕು ಅಂತ ಇರುತ್ತದೆ, ಕೆಲವು ಕಡೆ ಕಾಗದಗಳಿಗೆ ಅಪೊಸ್ಟಿಲ್ ಬೇಕು, 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ದೃಢೀಕರಣ ಅದು, ಅದರ ಮೇಲೆ ಅನುವಾದ. ನಾವು ಹೊರಡುವ ಮೊದಲೇ ನಮ್ಮಲ್ಲೇ ನೋಂದಣಿ ಮುಗಿಸಿ, ಅಲ್ಲಿ ಸಮಾರಂಭ ಮಾತ್ರ ಇಟ್ಟುಕೊಂಡೆವು. ಸುಲಭ, ಅಗ್ಗ. ಆ ಸಾಲಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ರಾತ್ರಿ ತೀರದ ಉದ್ದಕ್ಕೂ ದೀಪದ ಮಾಲೆ, ಪಟಾಕಿ ಅಂತ ಬ್ರೋಷರ್‌ನಲ್ಲಿತ್ತು. ಅಲ್ಲಿ ಆಮೆಗಳು ಮೊಟ್ಟೆ ಇಡುವ ಕಾಲ ಅದು. ಮರಳಿನಿಂದ ಹೊರಬಂದ ಮರಿಗಳು ಬೆಳಕು ಹೆಚ್ಚಿರುವ ಕಡೆ ಹೋಗುತ್ತವೆ, ಸಹಜವಾಗಿ ಅದು ಸಮುದ್ರದ ಕಡೆಯ ಆಕಾಶ. ನಾವು ದೀಪ ಹಚ್ಚಿದರೆ ಪಾಪದವು ಡಾನ್ಸ್ ಫ್ಲೋರಿಗೆ ಬರುತ್ತವೆ. ಅನುಮತಿ ಸಿಗಲಿಲ್ಲ, ಸಿಗಲೂಬಾರದು. ಆದರೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ಅದನ್ನು ಚಿತ್ರ ಹಾಕಿ ಮಾರುತ್ತಾರಲ್ಲ, ಅದು ನನಗೆ ಸರಿ ಕಾಣಲಿಲ್ಲ. ದೀಪವೆಲ್ಲ ಕಟ್ಟಡದ ಕಡೆಗೆ ತಿರುಗಿತು, ಹಳದಿ, ಮಂದ. ಚಂದ್ರನ ಬೆಳಕು ಸಾಕಷ್ಟಿತ್ತು, ಪಾರ್ಕಿಂಗ್ ಕಡೆಯಿಂದಲೇ ಆದರೂ.

ಮದುವೆ ಆದ ಮೇಲೆ ಸಂಸ್ಥೆಗೆ ಉದ್ದ ಇಮೇಲ್ ಬರೆದೆ. ಹಾಲ್ ವಿಷಯಕ್ಕೆ ಕ್ಷಮೆ ಕೇಳಿದರು. ಕಾಗದಪತ್ರದ ದುಡ್ಡು ಅರ್ಧ ವಾಪಸ್ ಕೊಟ್ಟರು. ಉಬ್ಬರದ ಬಗ್ಗೆ ಉತ್ತರವೇ ಇಲ್ಲ. ಮೊನ್ನೆ ನೋಡಿದೆ, ಆ ಫೋಟೊ ಈಗಲೂ ಮೊದಲ ಪುಟದಲ್ಲೇ ಇದೆ.

ಅವರ ಹತ್ತಿರ ಮತ್ತೆ ಹೋಗುತ್ತೀರಾ ಅಂತ ಗೆಳತಿಯೊಬ್ಬಳು ಕೇಳಿದಳು. ಅವಳದು ಮುಂದಿನ ವರ್ಷ. ಹೋಗು ಅಂದೆ, ಆದರೆ ಮುಂಗಡ ಕಟ್ಟುವ ಮೊದಲು ಸ್ಥಳದ ಕೋಆರ್ಡಿನೇಟರ್ ಯಾರು ಅಂತ ಕೇಳು, ಅವರ ಹತ್ತಿರ ಒಂದು ಸಲ ಮಾತಾಡು, ಅವರ ಹೆಸರನ್ನೂ ಹಾಲ್‌ನ ವೇಳೆಯನ್ನೂ ಒಪ್ಪಂದದಲ್ಲಿ ಬರೆಸು, ಮದುವೆಯ ತಿಥಿ ಯಾವುದೋ ಅದೇ ತಿಥಿಗೆ, ಅದೇ ಹೊತ್ತಿಗೆ ಹೋಗಿ ಜಾಗ ನೋಡು ಅಂದೆ. ಮೈಕಿನ ತುಪ್ಪಳದ ಟೋಪಿ ನನ್ನ ಹತ್ತಿರ ಇದೆ, ಸಿಟ್ಟಿಗೆ ನಾನೇ ಕೊಂಡಿದ್ದು, ಬೇಕಿದ್ದರೆ ಕೊಡುತ್ತೇನೆ.